ಹಗ್ಗ ಹಿಡಿಯುವವನ ಕೈ

ಗಂಗಾವತಿಯ ಸುತ್ತಮುತ್ತ ಯಾರ ಮನೆಯ ಮೇಲಾದರೂ ಬೇವಿನ ಮರವೋ ಹುಣಸೆ ಮರವೋ ಬಾಗಿತೆಂದರೆ, ಟೊಂಗೆ ತೆಗೆಸುವ ಮುಂಚೆ ಜನ ಕೇಳುತ್ತಿದ್ದುದು ಒಂದೇ ಮಾತು: ‘ಹಗ್ಗ ಹಿಡಿಯಾಕ ಶಬ್ಬೀರಸಾಬ ಬರ್ತಾನೋ ಇಲ್ಲೋ?’ ಮರ ಹತ್ತುವವನು ದುರುಗಪ್ಪ. ಕೆಂಜಿರುವೆ ಕಡಿಸಿಕೊಂಡು, ಬಿಸಿಲಿಗೆ ಬೆನ್ನು ಕೊಟ್ಟು, ಒಂದೇ ಕೈಯಲ್ಲಿ ಗರಗಸ ಎಳೆಯುವವನು ಅವನು. ಹೆಸರು ಮಾತ್ರ ಕೆಳಗೆ ನೆರಳಲ್ಲಿ ನಿಂತವನದು. “ಹೊಲಾ ಉಳೋ ಎತ್ತು ನಾನು, ಕೋಡಿಗೆ ಬಣ್ಣಾ ಹಚ್ಚಿಸಿಕೊಳ್ಳೋ ಎತ್ತು ಇವ,” ಎಂದು ದುರುಗಪ್ಪ ಚಹಾದಂಗಡಿಯಲ್ಲಿ ಎಲ್ಲರೆದುರು ಛೇಡಿಸುತ್ತಿದ್ದ. ಛೇಡಿಸುವಾಗಲೂ ಅವನ ದನಿಯಲ್ಲಿ ಹೆಮ್ಮೆಯೇ ಹೆಚ್ಚಿರುತ್ತಿತ್ತು.

ಹೆಮ್ಮೆಗೆ ಕಾರಣವೂ ಇತ್ತು. ದುರುಗಪ್ಪನ ಸೊಂಟಕ್ಕೆ ಕಟ್ಟಿದ ಹಗ್ಗ ಅವನ ತಲೆಯ ಮೇಲಿನ ಗಟ್ಟಿ ಕವಲೊಂದನ್ನು ಬಳಸಿ ಕೆಳಗಿಳಿದು, ಶಬ್ಬೀರಸಾಬನ ಬೆನ್ನ ಹಿಂದಿನಿಂದ ಹಾದು ಅವನ ಎರಡೂ ಕೈಗೆ ಬರುತ್ತದೆ. ಮೇಲಿನವನು ಹೆಜ್ಜೆ ಸರಿಸಿದರೆ ಕೆಳಗಿನವನು ಸಡಿಲ ಬಿಡಬೇಕು, ಮೇಲಿನವನು ನಿಂತರೆ ಬಿಗಿ ಹಿಡಿಯಬೇಕು, ಕಾಲು ಜಾರಿದರೆ ತಾನೇ ಗೂಟವಾಗಿ ನಿಲ್ಲಬೇಕು. ಒಮ್ಮೆ ಕುಷ್ಟಗಿಯ ಶಾಲೆಯೊಂದರ ಆಲದ ಮರದಲ್ಲಿ ಹೆಜ್ಜೇನು ಎದ್ದು ದುರುಗಪ್ಪ ಕಾಲು ತಪ್ಪಿ ಗಾಳಿಯಲ್ಲಿ ಜೋತಾಡಿದ. ಜೇನು ಕೆಳಗಿನವನನ್ನೂ ಬಿಡಲಿಲ್ಲ. ಶಬ್ಬೀರಸಾಬನ ಮುಖ ಊದಿ ಕುಂಬಳಕಾಯಿಯಾಯಿತು, ಕಣ್ಣು ಮುಚ್ಚಿ ಹೋಯಿತು, ಆದರೆ ಹಗ್ಗ ಒಂದು ಗೇಣೂ ಜಾರಲಿಲ್ಲ. ಗೆಳೆಯನನ್ನು ಮೆಲ್ಲಗೆ, ಮಗುವನ್ನು ತೊಟ್ಟಿಲಿಗೆ ಇಳಿಸಿದ ಹಾಗೆ ನೆಲಕ್ಕಿಳಿಸಿ ಆಮೇಲೆ ಓಡಿದ. ಅವತ್ತಿನಿಂದ ಕೊಪ್ಪಳದ ತನಕ ಅವನ ಕೈಗೆ ಹೆಸರು ಬಂತು.

ಈ ಕೆಲಸಕ್ಕೆ ಬರೆಯದ ಕಾಯಿದೆಗಳಿವೆ. ಹಗ್ಗ ಹಿಡಿಯುವವನು ಅದನ್ನು ಮೈಗೆ ಕಟ್ಟಿಕೊಳ್ಳಬಾರದು. ಕೊಯ್ದ ಟೊಂಗೆ ಹಗ್ಗದ ಮೇಲೆ ಬಿದ್ದರೆ ಬಿಟ್ಟು ಓಡಬೇಕಾಗುತ್ತದೆ. ಹತ್ತುವವನು ತನ್ನನ್ನು ಮರಕ್ಕೆ ಕಟ್ಟಿಕೊಳ್ಳಬಾರದು. ಜೇನು ಎದ್ದರೆ, ಕೊಂಬೆ ಸೀಳಿದರೆ, ಸಿಕ್ಕಿಬಿದ್ದು ಸಾಯುತ್ತಾನೆ. ಇವೆರಡೂ ದುರುಗಪ್ಪನ ಅಪ್ಪ ಹೇಳಿಕೊಟ್ಟದ್ದು. ಮೂರನೆಯದನ್ನು ಆ ಮುದುಕ ಸತ್ತು ಹೇಳಿಕೊಟ್ಟ. ತನ್ನ ಹಳೆಯ ಜೊತೆಗಾರನಿಗೆ ಜ್ವರವೆಂದು ಹೊಸಬನ ಕೈಗೆ ಹಗ್ಗ ಕೊಟ್ಟು ಹುಲಿಹೈದರದಲ್ಲಿ ಒಂದು ಹುಣಸೆ ಮರ ಹತ್ತಿದ್ದ. ಕೆಳಗೆ ಬಂದದ್ದು ಹೆಣ. ಮಗ ಅಂದೇ ಹೇಮಗುಡ್ಡದ ದುರ್ಗಮ್ಮನ ಮುಂದೆ ಕರ್ಪೂರ ಮುಟ್ಟಿ ಆಣೆ ಮಾಡಿದ: ಹತ್ತಿದರೆ ಶಬ್ಬೀರನ ಹಗ್ಗದ ಮೇಲೆ ಹತ್ತುತ್ತೇನೆ, ಅವನು ಬಿಟ್ಟ ದಿನ ನಾನೂ ಇಳಿಯುತ್ತೇನೆ.

ಈಗ ಆ ಕೈಯೇ ಹೋಗುತ್ತಿತ್ತು.

ಮೊದಲು ಹೋದದ್ದು ಒಂದು ಚಹಾದ ಗ್ಲಾಸು. ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಕುಡಿಯುತ್ತ ನಿಂತಿದ್ದಾಗ ಬೆರಳುಗಳು ತಮ್ಮಷ್ಟಕ್ಕೆ ತಾವೇ ಬಿಚ್ಚಿಕೊಂಡವು. ಗ್ಲಾಸು ಒಡೆಯಿತು, ಅಂಗಡಿಯವನು ಬೈದ, ದುರುಗಪ್ಪ ನಕ್ಕ. ಶಬ್ಬೀರಸಾಬನೂ ನಕ್ಕ. ಆಮೇಲೆ ಮನೆಯಲ್ಲಿ ರೊಟ್ಟಿ ಮುರಿಯುವಾಗ ಹೆಬ್ಬೆರಳಿಗೆ ರೊಟ್ಟಿಯ ಅರಿವೇ ಇರಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ಬೆಳಬೆಳಗ್ಗೆ ಹೆಂಡತಿ ಮೆಹರುನಬಿಯ ಮುಂದೆ ಎದೆಯೊಡ್ಡಿ ನಿಂತಾಗ ಅವಳಿಗೆ ಸಂಶಯ ಬಂತು. ಕೈ ಹಿಡಿದು ಎಳೆದುಕೊಂಡೇ ಡಾಕ್ಟರ ಬಳಿ ಹೋದಳು. ಕುತ್ತಿಗೆಯಲ್ಲಿ ನರ ಅಮುಕಿದೆ, ಇನ್ನು ಮೇಲೆ ಭಾರ ಜಗ್ಗುವ ಕೆಲಸ ಬೇಡ ಎಂದು ಡಾಕ್ಟರು ಹೇಳಿದರು. ಹೇಳುವುದೇನು, ಅವರಿಗೆ ಬಾಯಿ ಮಾತು.

“ದುರುಗಣ್ಣನಿಗೆ ಹೇಳಿಬಿಡಿ,” ಎಂದು ಮೆಹರುನಬಿ ದಾರಿಯುದ್ದಕ್ಕೂ ತಮ್ಮ ಮನೆಮಾತಿನಲ್ಲಿ ಪಿಸುಗುಟ್ಟಿದಳು. ಅವನು ಹೂಂ ಎಂದ. ಮನೆಗೆ ಬಂದ ಮೇಲೂ ಹೂಂ ಎಂದ. ಹೇಳಲಿಲ್ಲ.

ಹೇಳುವುದು ಹೇಗೆ? ಹೇಳಿದರೆ ದುರುಗಪ್ಪ ಅವತ್ತೇ ಗರಗಸ ಕೆಳಗಿಡುತ್ತಾನೆ. ದುರ್ಗಮ್ಮನ ಆಣೆ ಮೀರುವ ಗಂಡಸಲ್ಲ ಅವನು. ಅವನಿಗೆ ಹೊಲವಿಲ್ಲ, ಬೇರೆ ಕಸುಬಿಲ್ಲ, ಈ ವಯಸ್ಸಿನಲ್ಲಿ ಮಿಲ್ಲಿನ ಚೀಲ ಹೊರುವ ಬೆನ್ನೂ ಇಲ್ಲ. ಅವನ ಹೆಂಡತಿ ಮಾರೆವ್ವ ಆಗಲೇ ಭತ್ತದ ನಾಟಿಗೆ ಬಗ್ಗಿ ಬಗ್ಗಿ ಸೊಂಟ ಕಳೆದುಕೊಂಡಿದ್ದಾಳೆ. ಒಂದು ಮಾತಿಗೆ ಎರಡು ಮನೆಯ ಒಲೆ ಆರುತ್ತದೆ. ಹೇಳದಿದ್ದರೆ? ಹೇಳದಿದ್ದರೆ ಒಂದು ದಿನ ದುರುಗಪ್ಪನ ಕಾಲು ಜಾರುತ್ತದೆ, ಆ ಹೊತ್ತಿಗೆ ಈ ಬೆರಳುಗಳು ಚಹಾದ ಗ್ಲಾಸು ಬಿಟ್ಟಂತೆ ಅವನನ್ನು ಬಿಡುತ್ತವೆ. ಅತ್ತ ದರಿ, ಇತ್ತ ಪುಲಿ. ಶಬ್ಬೀರಸಾಬ ನಿದ್ದೆಯಲ್ಲೂ ಮುಷ್ಟಿ ಬಿಗಿದೇ ಮಲಗತೊಡಗಿದ.

ಒಂದು ಮಾತು ಇಲ್ಲಿ ಹೇಳಲೇಬೇಕು. ಅವನನ್ನು ಬರೀ ಗೆಳೆಯನ ಮನೆಯ ಚಿಂತೆ ಮಾಡುವ ಸಂತನೆಂದು ಯಾರೂ ತಿಳಿಯಬೇಡಿ. ಊರಲ್ಲಿ ನಾಲ್ಕು ಜನ ‘ಬಾ ಶಬ್ಬೀರಸಾಬ, ಕೂಡು’ ಎಂದು ಬೆಂಚು ಸರಿದು ಜಾಗ ಕೊಡುತ್ತಿದ್ದುದು ಆ ಕೈಗಾಗಿ. ಅದು ಹೋದರೆ ಯಾರವನು? ಸಾಯುವಷ್ಟು ನಾಚಿಕೆ ಅವನಿಗೆ ಅದರದ್ದೂ ಇತ್ತು.

ಕೆಲಸವೋ, ಹಾಳಾದ್ದು, ಆ ತಿಂಗಳುಗಳಲ್ಲೇ ಮೈಮೇಲೆ ಬಂತು. ಮಳೆಗಾಲ ಬರುವುದರೊಳಗೆ ಎಲ್ಲರಿಗೂ ಟೊಂಗೆ ತೆಗೆಸಬೇಕು. ಒಂದು ದಿನ ಲೈನ್‌ಮ್ಯಾನ್ ಬರುತ್ತೇನೆಂದವನು ಬಾರದೆ, ಕರೆಂಟು ತೆಗೆಯುವವರಿಲ್ಲದೆ ಮರದ ಬುಡದಲ್ಲೇ ಸಂಜೆಯಾಗಿ ಬರಿಗೈಯಲ್ಲಿ ಬಂದರು. ಇನ್ನೊಂದು ದಿನ ಅಣ್ಣ ಟೊಂಗೆ ಕಡಿಸಲು ಕರೆದ, ತಮ್ಮನ ಹೆಂಡತಿ ಬಂದು ಬುಡಕ್ಕೆ ಕೂತು, ನೆರಳು ನಮ್ಮದು, ಕಡಿದರೆ ನನ್ನನ್ನೂ ಕಡಿಯಿರಿ ಎಂದಳು. ಒಬ್ಬ ಮುದುಕಿ ಮಾತ್ರ ತನ್ನ ಬೇವಿನ ಮರದ ಕೊಯ್ದ ಗಾಯಗಳಿಗೆ ದುರುಗಪ್ಪ ಸಗಣಿ ಕಲಸಿ ಮೆತ್ತಿದ್ದನ್ನು ನೋಡಿ, “ಮನಿಶ್ಯಾರಿಗೂ ಹಿಂಗ ಮಾಡಂಗಿಲ್ಲೋ ನನ್ನಪ್ಪಾ,” ಎಂದು ಇಬ್ಬರಿಗೂ ಮಂಡಾಳ ಒಗ್ಗರಣೆ, ಮಿರ್ಚಿ ತಿನ್ನಿಸಿ ಕಳಿಸಿದಳು. ಅಂಥ ದಿನ ದುರುಗಪ್ಪ ಬೈಕಿನ ಮೇಲೆ ಹಾಡಿಕೊಂಡು ಬರುತ್ತಿದ್ದ. ಹಿಂದೆ ಕೂತ ಶಬ್ಬೀರಸಾಬ ಇವತ್ತು ಹೇಳೇಬಿಡುತ್ತೇನೆ ಎಂದು ಬಾಯಿ ತೆರೆಯುತ್ತಿದ್ದ. ಹಾಡು ಕೇಳಿ ಮುಚ್ಚಿಕೊಳ್ಳುತ್ತಿದ್ದ.

ಯಲಬುರ್ಗಾದ ಕಡೆ ಒಂದು ತೋಟದ ಮನೆಯಲ್ಲಿ ಅದು ಆಗಿಯೇ ಹೋಯಿತು. ದುರುಗಪ್ಪ ಒಂದು ಕವಲಿನಲ್ಲಿ ಕೂತು ಬೀಡಿ ಹಚ್ಚಿದ್ದ. ಶಬ್ಬೀರಸಾಬನ ಬಲಗೈ ಮೊಣಕೈಯಿಂದ ಕೆಳಗೆ ಇಲ್ಲವಾಯಿತು. ಕೈ ಇತ್ತು, ಕಣ್ಣಿಗೆ ಕಾಣುತ್ತಿತ್ತು, ಅಷ್ಟೇ. ಹಗ್ಗ ಬೆನ್ನ ಹಿಂದಿನಿಂದ ಸರ್ರೆಂದು ಜಾರಿ ಒಂದು ಮಾರು ಹೋಯಿತು. ಎಡಗೈಯಿಂದ, ಹಲ್ಲಿನಿಂದ, ಸಿಕ್ಕಿದ್ದರಿಂದ ಹಿಡಿದು ನಿಲ್ಲಿಸಿದ. ಮೇಲೆ ನೋಡಿದ. ದುರುಗಪ್ಪ ಎತ್ತಲೋ ನೋಡುತ್ತ ಹೊಗೆ ಬಿಡುತ್ತಿದ್ದ. ಅಲ್ಲಾಹ್, ಅವನಿಗೆ ಗೊತ್ತಾಗಲಿಲ್ಲ, ಎಂದುಕೊಂಡು ಶಬ್ಬೀರಸಾಬ ಹಗ್ಗವನ್ನು ಎಡಗೈಗೆ ಸುತ್ತಿಕೊಂಡ. ಆ ದಿನದ ಕೆಲಸ ಮುಗಿಯುವತನಕ ಅವನು ಮನಸ್ಸಿನಲ್ಲೇ ಕಲಮಾ ಹೇಳುತ್ತ ನಿಂತ.

ಮರುದಿನದಿಂದ ಅವನು ಆ ಕಸುಬಿನವರು ಯಾರೂ ಮಾಡದ ಕೆಲಸ ಮಾಡತೊಡಗಿದ. ದುರುಗಪ್ಪ ಬೆನ್ನು ತಿರುಗಿಸಿ ಮರ ಹತ್ತುತ್ತಿದ್ದಂತೆ, ಹಗ್ಗವನ್ನು ಅಂಗಿಯ ಕೆಳಗೆ ಸೊಂಟಕ್ಕೆ ಸುತ್ತಿ ಗಂಟು ಹಾಕಿಕೊಳ್ಳುತ್ತಿದ್ದ. ಗಂಟು ಹಾಕಲೂ ಬೆರಳು ಕೇಳದೆ ಹಲ್ಲಿನಿಂದ ಬಿಗಿಯುತ್ತಿದ್ದ. ಸಡಿಲ ಬೇಕಾದಾಗ ಮುಂದೆ ನಡೆಯುವುದು, ಬಿಗಿ ಬೇಕಾದಾಗ ಹಿಂದೆ ನಡೆಯುವುದು. ಕೈಗಳು ಸುಮ್ಮನೆ ಹಗ್ಗದ ಮೇಲೆ, ನೋಡುವವರಿಗೆ ತೋರಿಸಲು. ಕೈ ಬಿಟ್ಟರೂ ಮೈ ಬಿಡಲಾರದು ಎಂಬುದು ಅವನ ಲೆಕ್ಕ. ಟೊಂಗೆ ತನ್ನ ತಲೆಯ ಮೇಲೆ ಬಂದರೆ ಬರಲಿ, ಸಾಯುವುದು ತಾನೊಬ್ಬನೇ ತಾನೆ ಎಂದುಕೊಂಡ. ಆ ಯೋಚನೆಯಲ್ಲಿ ಅವನಿಗೆ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಣ್ಣುವಷ್ಟು ನೆಮ್ಮದಿಯೂ ಸಿಕ್ಕಿತು, ಪಾಪ.

ದುರುಗಪ್ಪನೂ ಬದಲಾಗಿದ್ದ. ಮುಂಚೆ ಸರಸರನೆ ಮುಗಿಸುತ್ತಿದ್ದವನು ಈಗ ಎಲೆಗಳೊಳಗೆ ಹೋದರೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಗರಗಸದ ದನಿ. ಕೇಳಿದರೆ, “ವಯಸ್ಸಾತಲೇ, ನಿನಗೇನು, ಕೆಳಗ ನಿಂತಿರ್ತಿ,” ಎನ್ನುತ್ತಿದ್ದ. ಹಾಡುವುದನ್ನೂ ಬಿಟ್ಟಿದ್ದ.

ಶ್ರೀರಾಮನಗರದ ಅಕ್ಕಿ ಮಿಲ್ಲಿನಿಂದ ಕರೆ ಬಂದದ್ದು ಮುಂಗಾರಿನ ಮೊದಲ ಗಾಳಿ ಬೀಸಿದ ವಾರ. ಮಿಲ್ಲಿನ ಹಿಂದೆ, ಕಾಲುವೆಯ ಏರಿಗೆ ಹತ್ತಿಕೊಂಡು ಒಂದು ಹಳೆಯ ಹುಣಸೆ ಮರ. ಅದರ ಒಂದು ದಪ್ಪ ಕೊಂಬೆ ಗೋದಾಮಿನ ಶೀಟುಗಳ ಮೇಲೆ ಅಡ್ಡ ಮಲಗಿದಂತಿತ್ತು. ಕೆಳಗೆ ಹಗಲೆಲ್ಲ ಹಮಾಲರು ಚೀಲ ಹೊರುತ್ತಾರೆ. ಮಾಲಕರು ಆಂಧ್ರದ ಕಡೆಯಿಂದ ಬಂದು ಇಲ್ಲೇ ನೆಲೆಸಿದ ಮನೆತನದವರು. ಕುರ್ಚಿ ಹಾಕಿಸಿಕೊಂಡು ಕೂತು ಶಬ್ಬೀರಸಾಬನನ್ನೇ ಮಾತಾಡಿಸಿದರು.

“ನಿನ್ನ ಹೆಸರು ಕೇಳಿ ಕರೆಸಿದ್ದೀನಯ್ಯಾ. ಒಂದು ಶೀಟೂ ಒಡೀಬಾರದು. ನಿನ್ನ ಕೈ ಅಂದ್ರೆ ಗ್ಯಾರಂಟಿ ಅಂತಾರಲ್ಲ ಎಲ್ಲರೂ?”

ಶಬ್ಬೀರಸಾಬ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ತಲೆಯಾಡಿಸಿದ. ಪಕ್ಕದಲ್ಲಿ ದುರುಗಪ್ಪ ನೆಲ ನೋಡುತ್ತ ಗರಗಸಕ್ಕೆ ಎಣ್ಣೆ ಹಚ್ಚುತ್ತಿದ್ದ.

ಹತ್ತಿದ. ಶಬ್ಬೀರಸಾಬ ಗಂಟು ಹಾಕಿಕೊಂಡ. ಮಿಲ್ಲಿನ ಹೊಟ್ಟಿನ ದೂಳು ಗಾಳಿಗೆ ಹಾರಿ ಕಣ್ಣಿಗೆ ತುಂಬುತ್ತಿತ್ತು. ಸಣ್ಣ ರೆಂಬೆಗಳು ಒಂದೊಂದಾಗಿ ಬಂದವು. ದಪ್ಪ ಕೊಂಬೆಗೆ ಬಂದಾಗ ದುರುಗಪ್ಪ ಕಾಂಡಕ್ಕೆ ಒತ್ತಿಕೊಂಡು ಎಲೆಗಳ ನಡುವೆ ಮರೆಯಾದ. ದಪ್ಪ ಕೊಂಬೆ ಕೊಯ್ಯುವವರು ಮೊದಲು ಅಡಿಯಿಂದ ಒಂದಿಷ್ಟು ಗಾಯ ಮಾಡಿ, ಆಮೇಲೆ ಮೇಲಿನಿಂದ ಕೊಯ್ಯುತ್ತಾರೆ. ಇಲ್ಲದಿದ್ದರೆ ಭಾರಕ್ಕೆ ಸಿಪ್ಪೆ ಸುಲಿದುಕೊಂಡು ಕೊಂಬೆ ಜೋತು ಬೀಳುತ್ತದೆ. ಇದು ದುರುಗಪ್ಪನಿಗೆ ಗೊತ್ತಿಲ್ಲದ ಪಾಠವೇ? ಆದರೆ ಅವತ್ತು ಅಡಿಗೆ ಬಗ್ಗಲು ಅವನಿಗೆ ಆಗಲಿಲ್ಲ. ಯಾಕೆ ಆಗಲಿಲ್ಲ ಎಂಬುದು ಕೆಳಗಿನವನಿಗೆ ಕಾಣಲಿಲ್ಲ. ಮೇಲಿನಿಂದಲೇ ಗರಗಸ ಇಳಿಯಿತು.

ಗಾಳಿ ಬಂತು. ಕೊಂಬೆ ಲಟಲಟನೆ ಮುರಿಯಿತು, ನೆಟ್ಟಗೆ ಬೀಳಲಿಲ್ಲ. ಸಿಪ್ಪೆಗೇ ಜೋತು, ಒಳಕ್ಕೆ ತೂಗಿ ಬಂದು, ಮೇಲಿನ ಕವಲಿನಿಂದ ಇಳಿದಿದ್ದ ಹಗ್ಗವನ್ನು ತನ್ನ ರೆಂಬೆಗಳ ಸಂದಿಗೆ ಸಿಕ್ಕಿಸಿಕೊಂಡು ಜಗ್ಗಿತು.

“ಬಿಡಲೇ ಹಗ್ಗಾ! ಬಿಡೂ!” ಎಂದು ದುರುಗಪ್ಪ ಕೂಗಿದ.

ಬಿಡುವುದೇನನ್ನು? ಹಗ್ಗ ಕೈಯಲ್ಲಿದ್ದರೆ ತಾನೇ ಬಿಡುವುದು. ಶಬ್ಬೀರಸಾಬನನ್ನು ಯಾರೋ ಸೊಂಟ ಹಿಡಿದು ಎಳೆದಂತೆ ಆಯಿತು. ಮುಗ್ಗರಿಸಿ, ಕಲ್ಲಿನ ಮೇಲೆ ಉಜ್ಜಿಕೊಂಡು ಬುಡದ ಕಡೆ ಜಾರುತ್ತ ಹೋದ. ಗಂಟಿಗೆ ಕೈ ಹಾಕಿದ. ಬೆರಳುಗಳು ಗಂಟನ್ನು ಸವರಿದವು, ಬಿಚ್ಚಲಿಲ್ಲ. ಹಲ್ಲಿಗೆ ಗಂಟು ಸಿಗಲಿಲ್ಲ. ಆಗ ಮೇಲೆ ನೋಡಿದ. ಕೊಂಬೆಯ ಭಾರ ಅದೇ ಹಗ್ಗದ ಇನ್ನೊಂದು ತುದಿಯಿಂದ ದುರುಗಪ್ಪನನ್ನೂ ಎಳೆಯುತ್ತಿತ್ತು. ಅವನ ಕಾಲುಗಳು ಕೊಂಬೆ ಬಿಟ್ಟು ಗಾಳಿಯಲ್ಲಿ ಒದ್ದಾಡುತ್ತಿದ್ದವು. ತಾನು ಅವನನ್ನು ಉಳಿಸಲು ಹಾಕಿದ ಗಂಟು ಅವನನ್ನು ಮರದಿಂದ ಕಿತ್ತು ಎಸೆಯುತ್ತಿದೆ. ಶಬ್ಬೀರಸಾಬ ಯಾ ಅಲ್ಲಾಹ್ ಎಂದು ಕೂಗಿದ್ದು ಮಿಲ್ಲಿನ ಯಂತ್ರದ ಸದ್ದನ್ನೂ ಮೀರಿ ಹಮಾಲರಿಗೆ ಕೇಳಿಸಿತು.

ಆದರೆ ದುರುಗಪ್ಪ ಬೀಳಲಿಲ್ಲ. ಏನೋ ಅವನನ್ನು ಕಾಂಡಕ್ಕೆ ಹಿಡಿದುಕೊಂಡಿತ್ತು. ಅವನು ಬೆನ್ನಿಗೆ ಸಿಕ್ಕಿಸಿದ್ದ ಕುಡುಗೋಲು ಎಳೆದು ತನ್ನ ಸೊಂಟದ ಹಗ್ಗವನ್ನು ತಾನೇ ಕೊಯ್ದುಹಾಕಿದ. ಎಳೆತ ಫಕ್ಕನೆ ನಿಂತಿತು. ಶಬ್ಬೀರಸಾಬ ಮುಖ ಅಡಿಯಾಗಿ ಬಿದ್ದ, ಗಲ್ಲ ಕಲ್ಲಿಗೆ ತರಚಿತು. ಕೊಂಬೆ ಮಾತ್ರ ಸಿಪ್ಪೆಗೆ ಜೋತುಕೊಂಡು ಗೋದಾಮಿನ ಶೀಟಿನ ಮೇಲೆ ತೂಗಾಡುತ್ತ ಉಳಿಯಿತು.

ದುರುಗಪ್ಪ ಹಗ್ಗವಿಲ್ಲದೆ, ಕಾಂಡವನ್ನು ತಬ್ಬಿಕೊಂಡು ಇಳಿದು ಬಂದ. ಅಂಗಿ ಹರಿದಿತ್ತು. ಸೊಂಟದಲ್ಲಿ ಹಗ್ಗದ ತುಂಡು, ಅದರ ಕೆಳಗೆ ಹಗ್ಗದಂತೆ ಹೊಸೆದ ಒಂದು ಹಸಿರು ಸೀರೆ. ಮರದಿಂದ ಬಿಚ್ಚಿಕೊಂಡ ಸೀರೆಯ ತುದಿ ಅವನ ಹಿಂದೆ ಜೋಲಾಡುತ್ತಿತ್ತು. ಶಬ್ಬೀರಸಾಬ ಎದ್ದು ಕೂತು ಅದನ್ನೇ ನೋಡಿದ. ದುರುಗಪ್ಪ ಅವನ ಸೊಂಟದ ಗಂಟನ್ನು ನೋಡಿದ.

“ಮೈಗೆ ಕಟಗೊಂಡಿಯೇನಲೇ?” ಎನ್ನುತ್ತ ದುರುಗಪ್ಪ ಆ ಗಂಟನ್ನು ಕುಡುಗೋಲಿನಿಂದ ಕೊಯ್ದ. “ಕೊಲ್ಲತಿದ್ದೆಲ್ಲೋ ನನ್ನ!”

“ನೀ ಗಿಡಕ್ಕ ಕಟಗೊಂಡಿ?”

“ಕಟಗೊಳ್ಳದ ಏನ್ಮಾಡಲಿ? ಯಲಬುರ್ಗಾದಾಗ ಹಗ್ಗಾ ಮಾರುದ್ದ ಜಾರಿದ್ದು ನನಗ ತಿಳೀಲಿಲ್ಲಂತ ಮಾಡಿಯೇನು? ಅವತ್ತಿಂದ ಈ ಸೀರಿ ಸುತಗೊಂಡ ಹತ್ತಾಕತ್ತೀನಿ. ಮಾರೆವ್ವಂದು. ಭಾಂಡೆ ಮಾರೋ ಹೆಣಮಗಳಿಗೆ ನಾ ಅದನ್ನ ಕೊಟ್ಟೀನಂತ ಆಕಿ ತಿಳಕೊಂಡಾಳ. ಕಟಗೊಂಡ್ರ ಕೆಳಗ ಬಗ್ಗಾಕ ಬರಂಗಿಲ್ಲ. ಅದಕ ಇವತ್ತ ಸಿಪ್ಪಿ ಸುಲೀತು.”

“ಮತ್ತ ನನ್ನ ಯಾಕ ಕರಕೊಂಡ ಬರತಿದ್ದಿ?”

ದುರುಗಪ್ಪ ಮುಖದ ಬೆವರು ಒರೆಸಿಕೊಂಡ. “ನಿನ್ನ ಹೆಸರಿಗೆ ಕೆಲಸಾ ಬರ್ತಾವಲೇ. ನನ್ನ ಹೆಸರಿಗಲ್ಲ. ನೀ ಇಲ್ಲಾ ಅಂದ್ರ ಯಾರ ಕರೀತಾರ? ನಿನಗಿಷ್ಟು ನನಗಿಷ್ಟು, ನಡೀಲಿ ಅಂದೆ. ಕೈ ಹೋದಾಂವಗ ಹೇಳಿ ಹೊಟ್ಟಿ ಉರಸೂದ ಯಾಕ ಅಂತ ಸುಮ್ಕಿದ್ದೆ.”

ಇದಕ್ಕಿಂತ ಅವನು ಕೊರಳ ಪಟ್ಟಿ ಹಿಡಿದು ನಾಲ್ಕು ಹೊಡೆದಿದ್ದರೆ ಶಬ್ಬೀರಸಾಬನಿಗೆ ಸುಖವಾಗುತ್ತಿತ್ತು. ಇಷ್ಟು ದಿನ ತಾನು ಕಲಮಾ ಹೇಳಿಕೊಂಡು, ಹಲ್ಲಿನಿಂದ ಗಂಟು ಬಿಗಿದು, ಪ್ರಾಣ ಒತ್ತೆಯಿಟ್ಟು ಹಿಡಿದ ಹಗ್ಗದ ಮೇಲೆ ದುರುಗಪ್ಪ ತನ್ನ ಜೀವ ಇಟ್ಟಿರಲೇ ಇಲ್ಲ. ತನ್ನನ್ನು ಹೊಲದಲ್ಲಿ ನಿಲ್ಲಿಸಿದ ಬೆದರುಗೊಂಬೆಯ ಹಾಗೆ ಮರದ ಕೆಳಗೆ ನಿಲ್ಲಿಸಿದ್ದ. ಆದರೂ ದುರುಗಪ್ಪ ಬದುಕಿ ಎದುರಿಗೆ ನಿಂತಿದ್ದಾನಲ್ಲ ಎಂದು ಆ ಅವಮಾನದ ನಡುವೆಯೇ ಅವನ ಕಾಲು ಮುಟ್ಟಬೇಕೆನಿಸಿತು.

ಅಷ್ಟರಲ್ಲಿ ಮಾಲಕರು ಬಂದರು. ಶೀಟಿನ ಮೇಲೆ ತೂಗುತ್ತಿದ್ದ ಕೊಂಬೆ ನೋಡಿ ಕೂಗಾಡಿದರು. “ಏನಯ್ಯಾ ಇದು? ಅರ್ಧಂಬರ್ಧ ಮಾಡಿ ಕೂತಿದ್ದೀರಿ! ಗಾಳಿ ಜೋರಾದರೆ ನನ್ನ ಗೋದಾಮು ಹೋಯ್ತು. ಇಳಿಸಿ ಅದನ್ನ, ಬೇಗ!”

“ಇಳಸ್ತೀನ್ರಿ,” ಎಂದ ದುರುಗಪ್ಪ. ಸೀರೆಯನ್ನು ಕೊಡವಿ ಮತ್ತೆ ಹೊಸೆಯತೊಡಗಿದ. ಅಂಗಿಯ ಹರಕಿನಲ್ಲಿ ಹಗ್ಗ ಉಜ್ಜಿದ ಜಾಗ ಕೆಂಪಗೆ ಸುಲಿದಿತ್ತು. ಶಬ್ಬೀರಸಾಬನ ಕಡೆ ನೋಡದೆಯೇ, “ನೀ ಆ ಹಗ್ಗದ ತುಂಡ ಹಿಡಕೊಂಡ ನಿಂದ್ರು. ಮಾಲಕರಿಗೆ ಕಾಣೋಹಂಗ,” ಎಂದ.

“ಬ್ಯಾಡೋ ದುರುಗ್ಯಾ. ಕಾಲು ನೋಡಕೋ, ಹೆಂಗ ನಡಗಾಕತ್ತಾವ.”

“ನಡಗಲಿ. ಮೂರು ತಿಂಗಳಿಂದ ನಡಗಾಕತ್ತಾವ. ಕೆಳಗ ಯಾರೂ ಇಲ್ಲಂತ ಗೊತ್ತಿದ್ದ ಹತ್ತಿದ್ರ ಯಾರ ಕಾಲ ನಡಗಂಗಿಲ್ಲ?”

ಆ ಮಾತು ಅವನು ಬೈಗುಳವಾಗಿ ಆಡಿರಲಿಲ್ಲ. ಆಡಿ ಮರದ ಕಡೆ ನಡೆದ, ಬುಡದ ಮಣ್ಣು ಹಣೆಗೆ ಹಚ್ಚಿಕೊಂಡ, ಕಾಂಡದ ಮೊದಲ ಗಂಟಿನ ಮೇಲೆ ಕಾಲಿಟ್ಟ. ಕಾಲು ಜಾರಿತು. ಮತ್ತೆ ಇಟ್ಟ.

ಶಬ್ಬೀರಸಾಬನ ಕೈಯಲ್ಲಿ ಹಗ್ಗದ ತುಂಡಿತ್ತು. ಹಿಡಿದು ನಿಂತರಾಯಿತು, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಮರ್ಯಾದೆ ಉಳಿಯುತ್ತದೆ, ನಾಳೆಯೂ ಕರೆ ಬರುತ್ತದೆ. ದುರುಗಪ್ಪ ಇನ್ನೊಂದು ಗಂಟಿಗೆ ಕಾಲೆತ್ತಿದ. ಶಬ್ಬೀರಸಾಬ ಹಗ್ಗ ಬಿಸಾಡಿ ಹಮಾಲರ ಕಡೆ, ಮಾಲಕರ ಕಡೆ, ಗೋದಾಮಿನ ಬಾಗಿಲಲ್ಲಿ ಕಸ ಹೊಡೆಯುತ್ತಿದ್ದ ಹೆಂಗಸರ ಕಡೆ ತಿರುಗಿ ಗಂಟಲು ಹರಿಯುವಂತೆ ಕೂಗಿದ:

“ಇವನ್ನ ಹತ್ತಿಸಬ್ಯಾಡ್ರಿ! ನನ್ನ ಕೈ ಹೋಗ್ಯಾವ್ರಿ! ನಾ ಹಿಡಿಯಾಂವಲ್ಲ. ಹಗ್ಗ ಹಿಡಿಯೋ ಶಬ್ಬೀರಸಾಬ ಸತ್ತಾನ್ರಿ! ಇವನ್ನ ಹಿಡಿಯೋರು ಯಾರೂ ಇಲ್ಲ, ಇಳಸ್ರಿ ಇವನ್ನ!”

ಹಮಾಲರು ಹೊತ್ತ ಚೀಲ ಕೆಳಗಿಟ್ಟರು. “ಬಾಯಿ ಮುಚ್ಚಲೇ!” ಎಂದು ದುರುಗಪ್ಪ ಮರದಿಂದಲೇ ಅರಚಿದ. ಶಬ್ಬೀರಸಾಬ ಮುಚ್ಚಲಿಲ್ಲ. ಎರಡೂ ಕೈ ಎತ್ತಿ ಎಲ್ಲರಿಗೂ ತೋರಿಸಿದ. ಮುಷ್ಟಿ ಕಟ್ಟಲು ನೋಡಿದ. ಬೆರಳುಗಳು ಅರ್ಧಕ್ಕೆ ನಿಂತವು. “ನೋಡ್ರಿ, ಇವನ್ನ ನಂಬಿ ಕರಸಿದ್ರಿ. ಒಂದು ಚಾದ ಗ್ಲಾಸು ಹಿಡಿಯಾಕ ಬರಂಗಿಲ್ಲ,” ಎಂದ. ಅವನ ಕಣ್ಣಿನಿಂದ ನೀರು ಇಳಿದು ಗಲ್ಲದ ರಕ್ತಕ್ಕೆ ಕೂಡಿಕೊಂಡಿತು.

ಮಾಲಕರು ಒಂದು ಕ್ಷಣ ಕೈ ನೋಡಿದರು, ಒಂದು ಕ್ಷಣ ಕೊಂಬೆ ನೋಡಿದರು. ಆಮೇಲೆ ಹಮಾಲರಿಗೆ ಗೋದಾಮು ಖಾಲಿ ಮಾಡಲು ಹೇಳಿ, ಫೋನ್ ತೆಗೆದು ಕೊಪ್ಪಳದಿಂದ ಕ್ರೇನ್ ತರಿಸಲು ಯಾರೊಡನೆಯೋ ಮಾತಾಡಿದರು. “ಮೊದಲೇ ಹೇಳೋಕೇನಾಗಿತ್ತು ರೋಗ? ನನ್ನ ಮಿಲ್ಲಲ್ಲಿ ಹೆಣ ಬೀಳಿಸ್ತಿದ್ರಲ್ಲಯ್ಯಾ,” ಎಂದು ಇಬ್ಬರನ್ನೂ ಗೇಟಿನಾಚೆ ಕಳಿಸಿದರು. ಹಮಾಲರಲ್ಲಿ ಇಬ್ಬರು ಆಗಲೇ ಫೋನ್ ಕಿವಿಗಿಟ್ಟಿದ್ದರು. ಗಂಗಾವತಿಯ ಚಹಾದಂಗಡಿಗೆ ಈ ಸುದ್ದಿ ಇವರಿಗಿಂತ ಮುಂಚೆ ಮುಟ್ಟುವುದರಲ್ಲಿ ಸಂಶಯವಿರಲಿಲ್ಲ.

ಗೇಟಿನ ಹೊರಗೆ ದುರುಗಪ್ಪ ಗರಗಸವನ್ನು ಬೈಕಿಗೆ ಕಟ್ಟಿದ. ಅವನ ಮುಖ ನೋಡಲಾಗುತ್ತಿರಲಿಲ್ಲ.

“ಮುಗಸಿಬಿಟ್ಟೆಲ್ಲ,” ಎಂದ. “ಒಂದ ಬಾಯಿ ಮಾತಿನಾಗ ಎರಡೂ ಮನಿ ಮುಗಸಿಬಿಟ್ಟಿ. ನಾಳಿ ಮಾರೆವ್ವಗ ಏನ ಕೊಡ್ಲಿ, ನಿನ್ನ ಕೈ ಕೊಡ್ಲೇನು?”

“ನೀ ಬೀಳತಿದ್ದಿ ದುರುಗ್ಯಾ.”

“ಬಿದ್ದರ ಬೀಳತಿದ್ದೆ! ನಮ್ಮಪ್ಪನೂ ಬಿದ್ದ. ನಿನಗ ಯಾರ ಕೇಳಿದ್ರು? ಇನ್ನ ನನ್ನ ಮಾರಿ ನೋಡಬ್ಯಾಡ ನೀ. ಸತ್ತರೂ ಮಣ್ಣಿಗೆ ಬರಬ್ಯಾಡ.”

ಎಷ್ಟೋ ವರ್ಷ ಇಬ್ಬರನ್ನು ಹೊತ್ತ ಬೈಕು ಒಬ್ಬನನ್ನೇ ಹೊತ್ತು ಹೋಯಿತು. ತಿರುಗಿ ಬಂದೀತೆಂದು ಶಬ್ಬೀರಸಾಬ ತಿರುವಿನ ತನಕ ನೋಡಿದ. ಬರಲಿಲ್ಲ. ಅವನು ಕಾಲುವೆಯ ಏರಿ ಹಿಡಿದು ನಡೆದ. ಎರಡೂ ಕಡೆ ಗದ್ದೆಗಳಲ್ಲಿ ನೀರು ನಿಲ್ಲಿಸುತ್ತಿದ್ದರು. ಮುಖದ ರಕ್ತ ತೊಳೆಯಲೆಂದು ಕಾಲುವೆಗೆ ಇಳಿದು ಕೈ ಅದ್ದಿದ; ನೀರು ತಣ್ಣಗಿದೆಯೋ ಬಿಸಿಯಿದೆಯೋ ಕೈಗೆ ತಿಳಿಯಲಿಲ್ಲ. ಮುಖಕ್ಕೆ ತಾಗಿದಾಗ ತಿಳಿಯಿತು, ತಣ್ಣಗಿತ್ತು.

ಈ ಹೊತ್ತಿಗೆ ದುರುಗಪ್ಪ ಮನೆ ಮುಟ್ಟಿರುತ್ತಾನೆ. ಗರಗಸ ಮೂಲೆಗೆ ಎಸೆದಿರುತ್ತಾನೆ, ಮಾರೆವ್ವನ ಮೇಲೆ ಹರಿಹಾಯ್ದಿರುತ್ತಾನೆ, ಶಬ್ಬೀರನ ಹೆಸರೆತ್ತಿ ಓಣಿಗೆಲ್ಲ ಕೇಳುವಂತೆ ಬೈಯುತ್ತಿರುತ್ತಾನೆ. ನಾಳೆಯೂ ಬೈಯುತ್ತಾನೆ, ಮಳೆಗಾಲವಿಡೀ ಬೈಯುತ್ತಾನೆ. ಬೈಯಲಿ. ಬೈಯುವುದಕ್ಕಾದರೂ ಇದ್ದಾನಲ್ಲ. ಶಬ್ಬೀರಸಾಬ ಏರಿಯ ಮೇಲೆ ಕುಕ್ಕರಿಸಿ ಕೂತು, ಅಳು ಕೇಳಿಸದಿರಲೆಂದು ಬಾಯಿಗೆ ಒತ್ತಿಕೊಳ್ಳಲು ಹೋದ ಕೈ ನಿಲ್ಲದೆ ಜಾರಿದ್ದಕ್ಕೆ, ದಾರಿಯ ಮೇಲೆ ಹೋಗುವವರೆಲ್ಲ ತಿರುಗಿ ನೋಡುವ ಹಾಗೆ ಗಟ್ಟಿಯಾಗಿ ಅತ್ತ.